ಅಪ್‌ಡೇಟ್: ಯುರೋಪ್ ಯೂತ್ ಎಕ್ಸ್‌ಚೇಂಜ್‌ಗೆ ನಮ್ಮ ಬೆಳಗಾವಿ ಗುಂಪು ಹೋಗಬಹುದಾ ಅಂತ ಕೇಳಿದ್ದೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಬೇರೆ ಬೇರೆ ದೇಶದ ಯುವಜನರ ಗುಂಪುಗಳು ಕೆಲವು ದಿನ ಒಟ್ಟಿಗೆ ಇದ್ದು ಕಲಿಯುವ ಕಾರ್ಯಕ್ರಮ ಅದು. ನಾವು ಹತ್ತು ಜನ, ಟಿಳಕವಾಡಿ ಕಡೆಯವರು. ಅದನ್ನು ನಡೆಸೋದು ಎರಾಸ್ಮಸ್ ಪ್ಲಸ್, ಯುರೋಪಿನ ಒಕ್ಕೂಟದ ಶಿಕ್ಷಣ ಮತ್ತು ಯುವಜನರ ಯೋಜನೆ. ಒಬ್ಬ ಏಜೆಂಟ್ 'ಎರಾಸ್ಮಸ್ ಪ್ಲಸ್‌ನಲ್ಲಿ ಎಲ್ಲಾ ಫ್ರೀ, ರಿಜಿಸ್ಟ್ರೇಷನ್‌ ದುಡ್ಡು ಮಾತ್ರ ಕಟ್ಟಿ' ಅಂದಿದ್ದ.

ಕಟ್ಟಲಿಲ್ಲ, ಬಚಾವಾದೆವು. ನೀವೆಲ್ಲ ಹೇಳಿದ ಹಾಗೆ ಆ ಯೋಜನೆಯ ನಿಯಮಗಳಿರುವ ಪ್ರೋಗ್ರಾಂ ಗೈಡ್ ಕೂತು ಓದಿದೆ. ಯೂತ್ ಎಕ್ಸ್‌ಚೇಂಜ್‌ಗೆ ವಯಸ್ಸು 13ರಿಂದ 30, ಅವಧಿ 5ರಿಂದ 21 ದಿನ, ಅಲ್ಲಿವರೆಗೆ ಎಲ್ಲಾ ಸರಿ. ಆದರೆ ಯುರೋಪಿನ ಒಕ್ಕೂಟ, ಈ ಯೋಜನೆಯ ಜೊತೆ ಸೇರಿದ ದೇಶಗಳು, ಅಕ್ಕಪಕ್ಕದ ದೇಶಗಳಲ್ಲಿ ವಾಸ ಇರುವವರಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲೇ ಇಲ್ಲ. ಅನುದಾನ ಕೂಡ ಸಂಸ್ಥೆಗೆ ಬರುತ್ತದೆ, ಹುಡುಗರ ಕೈಗಲ್ಲ. ಸಾಲಿಡಾರಿಟಿ ಕಾರ್ಪ್ಸ್ ಅಂತ ಯುರೋಪಿನ ಒಕ್ಕೂಟದ್ದೇ ಸ್ವಯಂಸೇವೆಯದೊಂದು ಇದೆ, 18ರಿಂದ 30 ವಯಸ್ಸಿನವರಿಗೆ, ಅಲ್ಲೂ ನಮಗೆ ಬಾಗಿಲು ಹಾಕಿದೆ.

ಏಜೆಂಟ್‌ಗೆ ಗೈಡಿನ ಆ ಪುಟ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ!

ಗುಂಪಿನ ಆಸೆ ಸದ್ಯಕ್ಕೆ ಬಿಟ್ಟೆವು. ಇಬ್ಬರು ಮಾತ್ರ ಜರ್ಮನಿಯ ಎಫ್‌ಎಸ್‌ಜೆ (ಯುವಜನರ ಸ್ವಯಂಸೇವೆಯ ವರ್ಷ) ನೋಡುತ್ತಿದ್ದಾರೆ, ಅದು 27 ತುಂಬದವರಿಗೆ, ಸಾಮಾನ್ಯವಾಗಿ ಒಂದು ವರ್ಷದ ಸೇವೆ, ಕೈಖರ್ಚು ಮತ್ತು ವಿಮೆ ಸಿಗುತ್ತದೆ, ಹೊರದೇಶದವರೂ ಅರ್ಜಿ ಹಾಕಬಹುದು. ಜರ್ಮನ್ ಭಾಷೆ ಬರಬೇಕಲ್ವಾ, ಅದೇ ತಲೆನೋವು. ಕನ್ನಡ, ಮರಾಠಿ, ಹಿಂದಿ ಮೂರೂ ಸಲೀಸಾಗಿ ಮಾತಾಡೋ ಹುಡುಗರು ಜರ್ಮನ್ ನಾಮಪದಗಳ ಲಿಂಗ ತೋರಿಸುವ 'ಡೇರ್, ಡೀ, ದಾಸ್' ಮುಂದೆ ಕೂತು ಬೆವರುತ್ತಿದ್ದಾರೆ.

ಪಾಸ್‌ಪೋರ್ಟ್‌ಗೆ 1500 ರೂಪಾಯಿ ಕಟ್ಟಿ ಆಗಿದೆ. ಉತ್ತರ ಕೊಟ್ಟವರಿಗೆಲ್ಲ ಕುಂದಾ ಬಾಕಿ ಇದೆ, ಬೆಳಗಾವಿಗೆ ಬಂದಾಗ ಕೇಳಿ ಇಸ್ಕೊಳ್ಳಿ.