ಕೇಬಲ್ ಬಿಟ್ಟ ಮೇಲೆ ತೋಟದ ಮನೆಯಲ್ಲಿ ಲೈವ್ ಮ್ಯಾಚ್: ಡಿಶ್ಶೋ, ಫೈಬರೋ?

ಕಕ್ಕಬ್ಬೆ ತೋಟ:
ಕೇಬಲ್ ಕನೆಕ್ಷನ್ ಬಿಟ್ಟು ಬಾಕ್ಸ್ ವಾಪಸ್ ಕೊಟ್ಟಾಗಿದೆ. ಇನ್ನು ಮ್ಯಾಚ್ ನೋಡಲು ಏನು ದಾರಿ? ಬೇಕಿರುವುದು ಭಾರತದ ಕ್ರಿಕೆಟ್, ಐಪಿಎಲ್, ಭಾರತದ ಹಾಕಿ, ಜೊತೆಗೆ ಕೊಡವ ಮನೆತನಗಳ ತಂಡಗಳು ಆಡುವ ಕೌಟುಂಬಿಕ ಹಾಕಿ. ಮನೆ ಕೊಡಗಿನ ಕಾಫಿ ತೋಟದ ಮಧ್ಯೆ, ಸುತ್ತ ಸಿಲ್ವರ್ ಓಕ್ ಮರ. ಫೈಬರ್ ರಸ್ತೆಯವರೆಗೆ ಬಂದಿದೆ, ಅಲ್ಲಿಂದ ಮನೆಗೆ ಸುಮಾರು 150 ಮೀಟರ್. ಮೊಬೈಲ್ ಸಿಗ್ನಲ್ ಜಗಲಿಯಲ್ಲಿ ಎರಡು ಕಡ್ಡಿ, ಒಳಗೆ ಏನೂ ಇಲ್ಲ. ಟಿವಿ 32 ಇಂಚಿನದು, ಸ್ಮಾರ್ಟ್ ಅಲ್ಲ, ಎಚ್‌ಡಿಎಂಐ ಇದೆ. ತಿಳಿದವರು ಹೇಳಿ.

ಮಡಿಕೇರಿ ಡಿಶ್:
ಮೊದಲು ದೂರದರ್ಶನದ ಉಚಿತ ಡಿಟಿಎಚ್ ಆದ ಡಿಡಿ ಫ್ರೀ ಡಿಶ್ ಹಾಕಿಸಿ. ಡಿಶ್, ಅದರ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್ ಸೇರಿ ಒಂದೂವರೆಯಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ, ತಿಂಗಳ ಬಾಡಿಗೆ ಇಲ್ಲ. 2007ರ ಕ್ರೀಡಾ ಪ್ರಸಾರ ಕಾಯ್ದೆ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿ ಚಾನೆಲ್‌ನವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಭಾರತ ಪುರುಷರ ತಂಡದ ಏಕದಿನ ಮತ್ತು ಟಿ20, ವಿಶ್ವಕಪ್ ಸೆಮಿಫೈನಲ್ ಮತ್ತು ಫೈನಲ್, ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಎಲ್ಲ ಅದರಲ್ಲಿ ಬರುತ್ತವೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಹೀಗೆ ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ಪ್ರಸಾರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಬರುತ್ತದೆ. ಕೇಬಲ್‌ನಲ್ಲೋ ಖಾಸಗಿ ಡಿಟಿಎಚ್‌ನಲ್ಲೋ ಡಿಡಿ ಸ್ಪೋರ್ಟ್ಸ್ ಹಾಕಿದರೆ ಆ ಮ್ಯಾಚ್ ಇರುವುದಿಲ್ಲ.

ಗೋಣಿಕೊಪ್ಪ ನೆಟ್:
ಕಾಯ್ದೆ ಸರಿ, ಆದರೆ ಐಪಿಎಲ್ ಆ ಪಟ್ಟಿಯಲ್ಲಿ ಇಲ್ಲ. ಟೆಸ್ಟ್‌ಗಳಲ್ಲಿ ಕೆಲವು ಮಾತ್ರ ಇವೆ. ವಿದೇಶಿ ಲೀಗ್ ಫುಟ್‌ಬಾಲ್ ಕೇಳಲೇಬೇಡಿ. ಫೈಬರ್ ರಸ್ತೆಗೆ ಬಂದಿದೆ ಅಂದ ಮೇಲೆ ಅದನ್ನು ಮನೆಗೆ ಎಳೆಸಿ, ಟಿವಿಯ ಎಚ್‌ಡಿಎಂಐಗೆ ಆ್ಯಪ್ ಓಡಿಸುವ ಒಂದು ಸ್ಟಿಕ್ ಹಾಕಿ, ಮುಗಿಯಿತು. ಐಪಿಎಲ್, ಭಾರತದಲ್ಲಿ ನಡೆಯುವ ಸರಣಿಗಳು, ಐಸಿಸಿ ಟೂರ್ನಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ. ಏಷ್ಯಾ ಕಪ್, ಆಸ್ಟ್ರೇಲಿಯನ್ ಓಪನ್ ಸೋನಿಲಿವ್‌ನಲ್ಲಿ. ಫಾರ್ಮುಲಾ ಒನ್ ಬೇಕಾದವರಿಗೆ ಫ್ಯಾನ್‌ಕೋಡ್. ಇಷ್ಟೆಲ್ಲ ಒಂದೇ ತಂತಿಯಲ್ಲಿ.

ಚಂದಾ ಕಟ್ಟುವಾಗ ಒಂದು ಎಚ್ಚರಿಕೆ. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಶುರುವಾದಾಗ 3 ತಿಂಗಳಿಗೆ ಮೊಬೈಲ್ ಪ್ಲಾನ್ 149, ಸೂಪರ್ 299, ಪ್ರೀಮಿಯಂ 499 ರೂಪಾಯಿ ಇತ್ತು. ದರ ಬದಲಾಗುತ್ತಿರುತ್ತದೆ, ಕಟ್ಟುವ ದಿನ ನೋಡಿಕೊಳ್ಳಿ. ಮೊಬೈಲ್ ಪ್ಲಾನ್ ಫೋನಿಗೆ ಮಾತ್ರ, ಟಿವಿಯಲ್ಲಿ ತೆರೆಯುವುದಿಲ್ಲ, ಫೋನಿನಿಂದ ಟಿವಿಗೆ ದಾಟಿಸಲೂ ಬಿಡುವುದಿಲ್ಲ. ಫೋನ್ ರೀಚಾರ್ಜ್ ಜೊತೆ ಬರುವ ಉಚಿತ ಚಂದಾ ಬಹುಪಾಲು ಇದೇ ಜಾತಿ. ಟಿವಿಗೆ ಸೂಪರ್ ಆದರೂ ಬೇಕು.

ಮಡಿಕೇರಿ ಡಿಶ್:
ಜೂನ್ ಬರಲಿ, ಆ ಒಂದೇ ತಂತಿ ಮೇಲೆ ಮರ ಬೀಳುತ್ತದೆ. ಕಕ್ಕಬ್ಬೆ ಕಡೆ ಲೈನ್ ಸರಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೂ ಗೊತ್ತು.

ಗೋಣಿಕೊಪ್ಪ ನೆಟ್:
ಮಳೆ ಬಂದರೆ ಡಿಶ್ ಮಾತ್ರ ನಡೆಯುತ್ತದಾ ಅಣ್ಣ? ಮೋಡ ದಟ್ಟವಾದರೆ ಸಾಕು, ಸಿಗ್ನಲ್ ಇಲ್ಲ ಅಂತ ಬರುತ್ತದೆ.

ಮಡಿಕೇರಿ ಡಿಶ್:
ಮೋಡಕ್ಕೆ, ಮಂಜಿಗೆ, ಜಿಟಿಜಿಟಿ ಮಳೆಗೆ ಸಿಗ್ನಲ್ ಹೋದರೆ ಅದು ಡಿಶ್ ಸರಿಯಾಗಿ ಕೂರಿಸದೇ ಇರುವುದರ ಲಕ್ಷಣ. ಡಿಶ್ ಸಿಗ್ನಲ್ ಬರುವ ಕೆಯು ಬ್ಯಾಂಡನ್ನು ನಿಜವಾಗಿ ಕೊಲ್ಲುವುದು ಮಳೆಯ ರಭಸ. ಸುರಿಯುವ ಮಳೆಗೆ ಹತ್ತಿಪ್ಪತ್ತು ನಿಮಿಷ ಹೋಗಿ ಮತ್ತೆ ಬರುವುದು ಸಹಜ, ದಿನವಿಡೀ ಹೋಗುವುದು ಸಹಜವಲ್ಲ.

ಕೂರಿಸುವ ಕ್ರಮ ಹೇಳುತ್ತೇನೆ. ಫ್ರೀ ಡಿಶ್ ಇರುವುದು ಜಿಸ್ಯಾಟ್-15 ಉಪಗ್ರಹದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿ. ಕೊಡಗಿನಿಂದ ನೋಡಿದರೆ ದಿಕ್ಸೂಚಿಯಲ್ಲಿ ಸುಮಾರು 124 ಡಿಗ್ರಿ, ಅಂದರೆ ಆಗ್ನೇಯದಿಂದ ಸ್ವಲ್ಪ ಪೂರ್ವಕ್ಕೆ. ನೆಲದಿಂದ ಮೇಲಕ್ಕೆ ಸುಮಾರು 65 ಡಿಗ್ರಿ. ಆಕಾಶದಲ್ಲಿ ಇಷ್ಟು ಎತ್ತರ ಇರುವುದು ತೋಟದವರ ಅದೃಷ್ಟ. ಡಿಶ್‌ಗಿಂತ 60 ಅಡಿ ಎತ್ತರ ನಿಂತ ಮರ ಆ ದಿಕ್ಕಿನಲ್ಲಿ 28–30 ಅಡಿಗಿಂತ ಹತ್ತಿರ ಇದ್ದರೆ ಮಾತ್ರ ಅಡ್ಡ. ಹಾಗಾಗಿ ಕಾಫಿ ಕಣದ ಅಂಚು, ಅಂಗಳದ ವಾಯವ್ಯ ಮೂಲೆ ನೋಡಿ. ಸಿಲ್ವರ್ ಓಕ್ ವರ್ಷ ವರ್ಷ ಬೆಳೆಯುತ್ತದೆ, ಈಗ ಅಂಚಿನಲ್ಲಿ ತಪ್ಪಿಸಿಕೊಂಡ ಮರ ಮುಂದಿನ ವರ್ಷ ಅಡ್ಡ ಬರಬಹುದು. ಮರಗಸಿ ಮಾಡಿಸುವಾಗ ಆ ಕೊಂಬೆಯನ್ನೂ ತೆಗೆಸಿ. ಒದ್ದೆ ಎಲೆ ಒಣ ಎಲೆಗಿಂತ ಎಷ್ಟೋ ಪಾಲು ಹೆಚ್ಚು ತಡೆಯುತ್ತದೆ.

ಕಂಬ ಮೊದಲು ನೇರ ಇರಬೇಕು, ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಕಂಬ ವಾಲಿದ್ದರೆ ಮೇಲಿನ ಯಾವ ಕೋನವೂ ನಿಜವಲ್ಲ. ಡಿಶ್ ಮುಖ ನೋಡಿ 65 ಡಿಗ್ರಿ ಇಡಬೇಡಿ. ಇದು ಆಫ್‌ಸೆಟ್ ಡಿಶ್, ಮುಖ ಕಾಣುವುದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕೆ ಅದರ ನೋಟ. ಹಿಂದಿನ ಕ್ಲ್ಯಾಂಪ್‌ನಲ್ಲಿ ಅಳತೆ ಗುರುತು ಇದ್ದರೆ ಅದನ್ನೇ ನಂಬಿ. ಬಾಕ್ಸ್‌ನಲ್ಲಿ ಎಲ್‌ಎನ್‌ಬಿ ಯೂನಿವರ್ಸಲ್ 9750/10600, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂಗ್ತ್ ಪಟ್ಟಿ ಎಲ್‌ಎನ್‌ಬಿಗೆ ಕರೆಂಟ್ ತಲುಪಿದರೆ ಸಾಕು, ತುಂಬಿ ನಿಲ್ಲುತ್ತದೆ, ಅದನ್ನು ನೋಡಬೇಡಿ. ನೋಡಬೇಕಾದ್ದು ಕ್ವಾಲಿಟಿ. ಬೆರಳಗಲ ಸರಿಸಿ, ಎರಡು ಮೂರು ಸೆಕೆಂಡ್ ಕಾದು, ಮತ್ತೆ ಸರಿಸಿ. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ನಿಧಾನ ತಿರುಗಿಸಿ ಅತಿ ಹೆಚ್ಚು ಬರುವಲ್ಲಿ ಬಿಗಿಮಾಡಿ. ಈ ಕೊನೇ ಹೆಜ್ಜೆಯನ್ನೇ ಹೆಚ್ಚಿನವರು ಬಿಡುತ್ತಾರೆ. ಬಿಸಿಲಿನ ದಿನ ಚಿತ್ರ ಬರುತ್ತದೆ, ಜುಲೈಯಲ್ಲಿ ಹೋಗುತ್ತದೆ.

ನಾಪೋಕ್ಲು ಹಾಕಿ:
60 ಸೆಂಟಿಮೀಟರ್ ಡಿಶ್ ಬದಲು 90 ಹಾಕಿದರೆ ಮಳೆಗೆ ಪ್ರಯೋಜನ ಇದೆಯಾ?

ಮಡಿಕೇರಿ ಡಿಶ್:
ಇದೆ. ಸಿಗ್ನಲ್ ಸುಮಾರು 3.5 ಡೆಸಿಬೆಲ್ ಹೆಚ್ಚುತ್ತದೆ, ಅಂದರೆ ಎರಡರಷ್ಟಕ್ಕಿಂತ ಸ್ವಲ್ಪ ಮೇಲೆ. ಸಾಧಾರಣ ಜೋರು ಮಳೆ ದಾಟಿಸುತ್ತದೆ, ಭಾಗಮಂಡಲದ ಆಷಾಢದ ಮಳೆಗೆ ಅದೂ ಸಾಲದು. ಆದರೆ 90ರ ಡಿಶ್ ಗಾಳಿ ಹಿಡಿಯುತ್ತದೆ, ಅದರ ನೋಟವೂ ಕಿರಿದು, ಒಂದು ಡಿಗ್ರಿ ಅಲುಗಿದರೂ ಕ್ವಾಲಿಟಿ ಕುಸಿಯುತ್ತದೆ. ತಗಡಿನ ಮಾಡಿಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ನೆಲದಲ್ಲಿ ಕಾಂಕ್ರೀಟ್ ಹಾಕಿ ಎರಡಿಂಚಿನ ಜಿಐ ಪೈಪ್ ಹೂಳಿ.

ನಮ್ಮಲ್ಲಿ ಡಿಶ್ ಕೆಡುವುದು ಹೆಚ್ಚಾಗಿ ನೀರಿನಿಂದ. ಎಲ್‌ಎನ್‌ಬಿಗೆ ಕೇಬಲ್ ಸೇರುವ ಎಫ್ ಕನೆಕ್ಟರ್ ಒಳಗೆ ನೀರು ಇಳಿದು ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ಡಿಶ್‌ನಿಂದ ಬಾಕ್ಸ್‌ಗೆ ಬರುವ ಆರ್‌ಜಿ-6 ಕೇಬಲ್ ಒಳಗೇ ನೀರು ಹರಿದು ಬಾಕ್ಸ್‌ವರೆಗೂ ಬರುತ್ತದೆ. ಕನೆಕ್ಟರ್ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಕಪ್ಪು ಇನ್ಸುಲೇಶನ್ ಟೇಪ್ ಒಂದೇ ಸಾಲದು. ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಎಲ್‌ಎನ್‌ಬಿ ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಡುತ್ತದೆ, ಮೇ ತಿಂಗಳಲ್ಲಿ ಹತ್ತಿ ನೋಡಿ, ಬಿರುಕಿದ್ದರೆ ಎಲ್‌ಎನ್‌ಬಿ ಬದಲಿಸಿ.

ಗೋಣಿಕೊಪ್ಪ ನೆಟ್:
ಇಷ್ಟು ಶ್ರಮಪಟ್ಟು ಸಿಗುವ ಚಿತ್ರ ಹೆಚ್ಚಾಗಿ ಎಚ್‌ಡಿ ಅಲ್ಲ. ಹಾಕಿಯಲ್ಲಿ ಚೆಂಡು ಎಲ್ಲಿದೆ ಅಂತ ಕಾಣಬೇಕಲ್ಲ.

ನಾಪೋಕ್ಲು ಹಾಕಿ:
32 ಇಂಚಿಗೆ ಅದು ಅಷ್ಟು ದೊಡ್ಡ ಕೊರತೆ ಅಲ್ಲ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಬಾಕ್ಸೇ ಕೇಳಿ, ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ.

ಹಾಕಿ ವಿಷಯ ಹೇಳುತ್ತೇನೆ. ವಿಶ್ವಕಪ್‌ನಲ್ಲಿ ಭಾರತ ಆಡುವ ಪಂದ್ಯ ಆ ಕಾಯ್ದೆಯ ಪಟ್ಟಿಯಲ್ಲಿದೆ. 2026ರ ಹಾಕಿ ವಿಶ್ವಕಪ್ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಆಗಸ್ಟ್ 15ರಿಂದ 30ರವರೆಗೆ, ಅಂದರೆ ನಮ್ಮ ಮಳೆಗಾಲದ ಒಳಗೇ. ಏಷ್ಯನ್ ಗೇಮ್ಸ್ ಜಪಾನಿನ ಐಚಿ–ನಗೋಯಾದಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಇವೆರಡಕ್ಕೂ ಡಿಶ್ ಇದ್ದರೆ ಒಳ್ಳೆಯದು. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಿಂದ ಇದೆ, ದೂರದರ್ಶನದ ಚಾನೆಲ್‌ಗಳು ಅದರಲ್ಲಿ ಸಿಗುತ್ತವೆ, ಇಟ್ಟುಕೊಂಡಿರಿ.

ಕೌಟುಂಬಿಕ ಹಾಕಿಗೆ ಮಾತ್ರ ನೆಟ್ ಬೇಕೇ ಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್‌ನಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಸೇರಿ ಗಿನ್ನಿಸ್ ದಾಖಲೆ ಆಯಿತು. ಇಷ್ಟು ದೊಡ್ಡ ಹಬ್ಬ ಯಾವ ದೊಡ್ಡ ಕ್ರೀಡಾ ಚಾನೆಲ್‌ನಲ್ಲೂ ಪೂರ್ತಿ ಬರುವುದಿಲ್ಲ ಅನ್ನುವುದು ನೋವಿನ ವಿಷಯ. ಸ್ಥಳೀಯ ಚಾನೆಲ್‌ನವರ ಯೂಟ್ಯೂಬ್ ಲೈವ್ ಇದೆ. ಮೈದಾನದಿಂದ ಕಳಿಸುವ ಕಡೆಯೇ ನೆಟ್ ಏರುಪೇರಾಗುತ್ತದೆ, ಆದ್ದರಿಂದ ಚಿತ್ರ ನಿಂತರೆ ನಿಮ್ಮ ರೌಟರ್ ಬಿಚ್ಚಲು ಹೋಗಬೇಡಿ. ಬೇರೆ ವಿಡಿಯೊ ಹಾಕಿ ನೋಡಿ, ಅದು ಓಡಿದರೆ ತೊಂದರೆ ಅಲ್ಲಿಯದು.

ಕುಶಾಲನಗರ ಲೆಕ್ಕ:
ಫೈಬರ್ ಮನೆಗೆ ಬರದಿದ್ದರೆ ಮೊಬೈಲ್ ಡೇಟಾದಲ್ಲಿ ನೋಡುತ್ತೇವೆ ಅನ್ನುವವರಿಗೆ ಲೆಕ್ಕ. ಪೂರ್ಣ ಎಚ್‌ಡಿಗೆ 5 ಎಂಬಿಪಿಎಸ್ ಹಿಡಿದರೆ ಗಂಟೆಗೆ 2.25 ಜಿಬಿ, ನಾಲ್ಕು ಗಂಟೆಯ ಐಪಿಎಲ್ ಪಂದ್ಯಕ್ಕೆ 9 ಜಿಬಿ. 2.5 ಎಂಬಿಪಿಎಸ್‌ನಲ್ಲಿ 4.5 ಜಿಬಿ. ಅತಿ ಕಡಿಮೆ ಅಂದರೆ 1 ಎಂಬಿಪಿಎಸ್, 1.8 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಡೆತ್ ಓವರ್ ಬರುವ ಹೊತ್ತಿಗೆ ವೇಗ 64 ಕೆಬಿಪಿಎಸ್‌ಗೆ ಇಳಿದಿರುತ್ತದೆ.

ಮೂರನೇ ದಾರಿ ಒಂದಿದೆ, ಯಾರೂ ಹೇಳಲಿಲ್ಲ. ಪ್ರೀಪೇಯ್ಡ್ ಡಿಟಿಎಚ್ ಇಟ್ಟುಕೊಂಡು ಐಪಿಎಲ್‌ನ ಎರಡು ತಿಂಗಳು ಮಾತ್ರ ರೀಚಾರ್ಜ್ ಮಾಡಿ, ಸ್ಟಾರ್ ಸ್ಪೋರ್ಟ್ಸ್ ಕನ್ನಡ ಒಂದನ್ನೇ ಬಿಡಿಯಾಗಿ ಆರಿಸಿ. ಪ್ಯಾಕ್ ಬೇಡ. ಕನ್ನಡ ಕಾಮೆಂಟರಿಯೂ ಸಿಗುತ್ತದೆ.

ಗೋಣಿಕೊಪ್ಪ ನೆಟ್:
ಕನ್ನಡ ಕಾಮೆಂಟರಿ ಆ್ಯಪ್‌ನಲ್ಲೂ ಇದೆ, ಭಾಷೆ ಬದಲಿಸುವ ಗುಂಡಿ ಒತ್ತಿದರೆ ಸಾಕು. ಎರಡು ತಿಂಗಳಿಗೆ ಚಾನೆಲ್ ದರ, ಅದರ ಮೇಲೆ ನೆಟ್‌ವರ್ಕ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಕೂಡಿಸಿದರೆ ಆ್ಯಪ್‌ನ ಮೂರು ತಿಂಗಳ ಚಂದಾ ಹತ್ತಿರವೇ ಬರುತ್ತದೆ.

ಪೊನ್ನಂಪೇಟೆ ಫ್ರೀ:
ಇಷ್ಟೆಲ್ಲ ಯಾಕೆ? ಟೆಲಿಗ್ರಾಂನಲ್ಲಿ ಎಪಿಕೆ (ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಫೈಲ್) ಸಿಗುತ್ತದೆ, ಎಲ್ಲ ಸ್ಪೋರ್ಟ್ಸ್ ಚಾನೆಲ್ ಉಚಿತ.

ಗೋಣಿಕೊಪ್ಪ ನೆಟ್:
ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ಅದು ಕದ್ದ ಪ್ರಸಾರ, ಕಾನೂನಿಗೆ ವಿರುದ್ಧ. ಅಂಥ ಆ್ಯಪ್‌ಗಳು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ, ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ. ಮನೆಯ ಹಿರಿಯರ ಫೋನಿಗೆ ಯಾರಾದರೂ ಹಾಕಿಕೊಟ್ಟಿದ್ದರೆ ಇವತ್ತೇ ತೆಗೆಯಿರಿ.

ಸೋಮವಾರಪೇಟೆ ವಯರಿಂಗ್:
ಪ್ರಶ್ನೆ ಕೇಳಿದವರ 150 ಮೀಟರ್ ಬಗ್ಗೆ ಯಾರೂ ಮಾತಾಡಲಿಲ್ಲ. ಗೇಟಿನ ಹತ್ತಿರ ಮೋಡೆಮ್ ಇಟ್ಟು ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯುವ ಯೋಚನೆ ಇದ್ದರೆ ಬಿಡಿ. ತಾಮ್ರದ ಲ್ಯಾನ್ ಕೇಬಲ್‌ಗೆ ಮಿತಿ 100 ಮೀಟರ್. ಅದಕ್ಕಿಂತ ದೊಡ್ಡ ಕಾರಣ ಸಿಡಿಲು. ಐಪಿಎಲ್ ನಡೆಯುವುದು ಮಾರ್ಚ್‌ನಿಂದ ಮೇವರೆಗೆ, ನಮ್ಮ ಹೂಮಳೆ, ಗುಡುಗು ಮಿಂಚಿನ ಕಾಲವೂ ಅದೇ. ತೋಟದಲ್ಲಿ ಎಳೆದ ತಾಮ್ರದ ತಂತಿ ಸಿಡಿಲಿನ ವೋಲ್ಟೇಜನ್ನು ನೇರ ಟಿವಿಗೆ ತರುತ್ತದೆ. ಮನೆ ಗೋಡೆಯವರೆಗೂ ಫೈಬರನ್ನೇ ಎಳೆಸಿ. ಅದರಲ್ಲೂ ನೇತುಹಾಕುವ ಫೈಬರ್‌ಗೆ ಉಕ್ಕಿನ ತಂತಿ ಜೋಡಿಸಿರುತ್ತಾರೆ, ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಿ, ತೆಳು ಫೈಬರ್ ಮಾತ್ರ ಒಳಗೆ ಬರಲಿ. ಡಿಶ್ ಹಾಕಿದರೆ ಅದರ ಕಂಬಕ್ಕೆ ಅರ್ಥಿಂಗ್ ಕೊಡಿ. ಅರ್ಥಿಂಗ್ ಇದ್ದರೂ ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮುಂಚೆ, ಬಾಕ್ಸ್‌ನ ಹಿಂದಿನ ಕೇಬಲ್ ಬಿಚ್ಚಿ, ಪ್ಲಗ್ ತೆಗೆಯಿರಿ.

ಮೋಡೆಮ್‌ನಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಮಿಣುಕಿದರೆ ಬೆಳಕು ಬರುತ್ತಿಲ್ಲ, ಫೈಬರ್ ತುಂಡಾಗಿದೆ ಅಥವಾ ಮಡಚಿದೆ. ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವುದಿಲ್ಲ, ದೂರು ಕೊಡಿ. ದೀಪ ಹಸಿರಿದ್ದೂ ಚಿತ್ರ ತೊದಲಿದರೆ ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ ನೋಡಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಆರೋಗ್ಯಕರ, ಮೈನಸ್ 27 ದಾಟಿದರೆ ಅಂಚಿನಲ್ಲಿದೆ. ಫೈಬರ್‌ನ ಹಸಿರು ಕನೆಕ್ಟರ್ ತುದಿಗೆ ತೇವ ಕೂತಿರಬಹುದು, ಇಲ್ಲವೇ ಜಾಯಿಂಟ್ ಡಬ್ಬಿಗೆ ನೀರು ಹೋಗಿರಬಹುದು.

ಕರೆಂಟ್ ಹೋದಾಗ ಮೋಡೆಮ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಇಡಿ. ಕೊಳ್ಳುವ ಮುಂಚೆ ಮೋಡೆಮ್ ಅಡಾಪ್ಟರ್ ಮೇಲಿನ ಆಂಪಿಯರ್ ಓದಿ, ಯುಪಿಎಸ್ ಅಷ್ಟಾದರೂ ಕೊಡಬೇಕು. 30 ವ್ಯಾಟ್-ಅವರ್‌ನ ಯುಪಿಎಸ್ 10 ವ್ಯಾಟಿನ ಮೋಡೆಮನ್ನು ಸುಮಾರು ಎರಡೂವರೆಯಿಂದ ಮೂರು ಗಂಟೆ ನಡೆಸುತ್ತದೆ. ಟಿವಿ ಇನ್ವರ್ಟರ್ ಮೇಲೆ ಇರಲಿ. ಆದರೆ ಊರಿನ ಎಕ್ಸ್‌ಚೇಂಜ್‌ನ ಬ್ಯಾಟರಿ ಖಾಲಿಯಾದರೆ ನಿಮ್ಮ ಮನೆಯಲ್ಲಿ ಜನರೇಟರ್ ಇದ್ದರೂ ನೆಟ್ ಇಲ್ಲ. ಆಗ ಕೆಲಸಕ್ಕೆ ಬರುವುದು ಡಿಶ್ ಒಂದೇ.

ಗೋಣಿಕೊಪ್ಪ ನೆಟ್:
ಆ ಕೊನೇ ಮಾತು ಒಪ್ಪುತ್ತೇನೆ. ಹಾಗಿದ್ದರೆ ನೆಟ್ ಮುಖ್ಯ, ಡಿಶ್ ಮಳೆಗಾಲದ ಆಸರೆ ಅನ್ನಿ.

ಮಡಿಕೇರಿ ಡಿಶ್:
ನಾನು ತಿರುಗಿಸಿ ಹೇಳುತ್ತೇನೆ. ಡಿಶ್ ಖರ್ಚು ಒಂದೇ ಸಲ, ಅದನ್ನು ಈಗಲೇ ಹಾಕಿ. ಆ್ಯಪ್ ಚಂದಾ ಮಾರ್ಚ್‌ನಲ್ಲಿ ಮೂರು ತಿಂಗಳಿಗೆ ಕಟ್ಟಿ, ವರ್ಷದ್ದು ಬೇಡ.

ಕಕ್ಕಬ್ಬೆ ತೋಟ:
ಎಲ್ಲರಿಗೂ ಧನ್ಯವಾದ. ಎರಡೂ ಹಾಕಿಸುವುದು ಅಂತ ನಿರ್ಧಾರ. ಒಂದೇ ಅನುಮಾನ ಉಳಿದಿದೆ: ಹಳೇ ಮನೆ, ಮಣ್ಣಿನ ದಪ್ಪ ಗೋಡೆ. ಮೋಡೆಮ್ ಕಚೇರಿ ಕೋಣೆಯಲ್ಲಿ, ಟಿವಿ ಎರಡು ಗೋಡೆ ಆಚೆ ನಡುಮನೆಯಲ್ಲಿ. ವೈಫೈ ಸಾಕಾಗುತ್ತದಾ?

ಸೋಮವಾರಪೇಟೆ ವಯರಿಂಗ್:
ಸಾಲದು. 5 ಗಿಗಾಹರ್ಟ್ಸ್ ಆ ಗೋಡೆ ದಾಟುವುದಿಲ್ಲ, 2.4 ದಾಟಿದರೂ ಪಂದ್ಯದ ಮಧ್ಯೆ ಚಿತ್ರ ಮಸುಕಾಗುತ್ತದೆ. ಮನೆಯೊಳಗೇ ಆದ್ದರಿಂದ ಇಲ್ಲಿ ಲ್ಯಾನ್ ಕೇಬಲ್ ಹಾಕಬಹುದು. ಕ್ಯಾಟ್-6, ಅಟ್ಟದ ಮೇಲಿಂದ ಎಳೆಯಿರಿ, ಕರೆಂಟ್ ವಯರ್‌ನಿಂದ ಒಂದಡಿ ದೂರ ಇರಲಿ, ಇಲಿ ಕಡಿಯದಂತೆ ಪಿವಿಸಿ ಪೈಪ್ ಒಳಗೆ ಹಾಕಿ. ಸ್ಟಿಕ್‌ಗೆ ಈಥರ್ನೆಟ್ ಅಡಾಪ್ಟರ್ ಬೇರೆ ಕೊಳ್ಳಬೇಕು, ನಿಮ್ಮ ಸ್ಟಿಕ್ ಮಾದರಿಗೆ ಹೊಂದುತ್ತದಾ ಅಂತ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ. 100 ಎಂಬಿಪಿಎಸ್‌ನದೇ ಸಾಕು. ಸ್ಟಿಕ್‌ಗೆ ಕರೆಂಟ್ ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಹಳೇ ಟಿವಿಯ ಯುಎಸ್‌ಬಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್ ಪದೇಪದೇ ರೀಸ್ಟಾರ್ಟ್ ಆಗುತ್ತದೆ. ಜೊತೆಗೆ ಬಂದ ಚಾರ್ಜರನ್ನೇ ಇನ್ವರ್ಟರ್ ಲೈನಿನ ಪ್ಲಗ್‌ಗೆ ಹಾಕಿ.