ಸ್ಮರಣ ಸಂಚಿಕೆಯ ಲೇಖನಕ್ಕೆಲ್ಲಾ ಒಂದೇ ಫಾಂಟು, ಒಂದೇ ಸೈಜು: ಲಗೂನ ಮಾಡೋದು ಹೆಂಗ್ರಿ?

ಶಿಕ್ಷಕಿ, ಹಾವೇರಿ: ನಮ್ಮ ಶಾಲೆಯ ನೂರು ವರ್ಷದ ಸ್ಮರಣ ಸಂಚಿಕೆ ಕೆಲಸ ನನ್ನ ಕೊರಳಿಗೆ ಬಿದ್ದದ. ಹಳೆ ವಿದ್ಯಾರ್ಥಿಗಳ ಲೇಖನ ಒಂದೊಂದು ಒಂದೊಂದು ಥರ. ಕೆಲವು ಕನ್ನಡ ಟೈಪ್ ಮಾಡೋ ಹಳೆ ‘ನುಡಿ’ ಸಾಫ್ಟ್‌ವೇರಿನೊಳಗ, ಕೆಲವು ವಾಟ್ಸಾಪ್‌ನಿಂದ ಎತ್ತಿದ್ದು. ವರ್ಡಿನ್ಯಾಗ ಒಂದೊಂದ ತಲೆಬರಹ ಹಿಡದು 18, ಬೋಲ್ಡ್, ಸೆಂಟರ್ ಅಂತ ಮಾಡಿ ಇಟ್ಟಿದ್ದೆ. ಕಮಿಟಿ ಹಿರಿಯರು ನೋಡಿ "ಸಣ್ಣದಾತು, 20 ಮಾಡ್ರಿ ಟೀಚರ್" ಅಂದ್ರು. ಮತ್ತ ಮೊದಲಿಂದ ಮಾಡಬೇಕೇನ್ರಿ?

ಡಿಟಿಪಿ ಮಾಡುವವರು, ಧಾರವಾಡ: ಬ್ಯಾಡ್ರಿ ಮೇಡಂ, ಸ್ಟೈಲ್ಸ್ ಹಿಡೀರಿ. ಹೋಮ್ ಟ್ಯಾಬಿನ ಹೆಡಿಂಗ್ 1 ಮ್ಯಾಲ ರೈಟ್ ಕ್ಲಿಕ್ ಮಾಡಿ ಮಾಡಿಫೈ ಒತ್ತಿ, ಫಾಂಟು, ಸೈಜು, ಮ್ಯಾಲ ಕೆಳಗ ಎಷ್ಟು ಜಾಗ ಅನ್ನೋದೆಲ್ಲಾ ಒಮ್ಮೆ ಹೇಳಿಬಿಡ್ರಿ. ತಲೆಬರಹದ ಸಾಲಿನ್ಯಾಗ ಕರ್ಸರ್ ಇಟ್ಟು ಕಂಟ್ರೋಲ್ ಆಲ್ಟ್ 1 ಒತ್ತಿದ್ರ ಕೂತ್ಕೋತದ. ಒಳಗಿನ ಉಪಶೀರ್ಷಿಕೆಗೆ 2. ನಾಳೆ ಹಿರಿಯರು 22 ಅಂದ್ರೂ ಮಾಡಿಫೈನೊಳಗ ಒಂದ ಸಲ ಬದಲಿಸಿದ್ರ ಪುಸ್ತಕ ಪೂರ್ತಿ ಬದಲಾಗ್ತದ.

ಈಗ ಮಾಡಿಟ್ಟದ್ದೂ ದಂಡ ಆಗಂಗಿಲ್ಲ. ಒಂದು ತಲೆಬರಹದೊಳಗ ಕರ್ಸರ್ ಇಟ್ಟು, ಹೋಮ್‌ನ ಬಲತುದಿಗೆ ಸೆಲೆಕ್ಟ್ ಒಳಗ ‘ಸಿಮಿಲರ್ ಫಾರ್ಮ್ಯಾಟಿಂಗ್’ ಇರೋದನ್ನ ಒತ್ತ್ರಿ. ಅಂಥಾವೆಲ್ಲಾ ಒಟ್ಟಿಗೆ ಸೆಲೆಕ್ಟ್ ಆಗ್ತಾವ, ಹಂಗs ಹೆಡಿಂಗ್ 1 ಕೊಡ್ರಿ. ಪರಿವಿಡಿನೂ ಇದರಿಂದs ಬರ್ತದ, ಪುಟಸಂಖ್ಯೆ ಕೈಯಿಂದ ಹೊಡಿಯೋದು ಬ್ಯಾಡ. ಮಾಡಿಫೈ ಪೆಟ್ಟಿಗೆಯೊಳಗ ‘ಆಟೊಮ್ಯಾಟಿಕಲಿ ಅಪ್‌ಡೇಟ್’ ಅಂತ ಒಂದದ, ಅದಕ್ಕ ಟಿಕ್ ಹಾಕಬ್ಯಾಡ್ರಿ. ಒಂದು ತಲೆಬರಹ ಓರೆ ಮಾಡಿದ್ರ ಎಲ್ಲಾ ಓರೆ ಆಗಿ ನಿಂದರ್ತಾವ.

ಬ್ಯಾಂಕ್ ನೌಕರ, ಹುಬ್ಬಳ್ಳಿ: ಇಷ್ಟೆಲ್ಲ ಯಾಕೆ? ಫಾರ್ಮ್ಯಾಟ್ ಪೇಂಟರ್ ಬ್ರಷ್ ಮೇಲೆ ಡಬಲ್ ಕ್ಲಿಕ್ ಮಾಡಿ, ಬೇಕಾದಲ್ಲೆಲ್ಲ ಬಳಿಯುತ್ತ ಹೋಗಿ, ಮುಗಿದ ಮೇಲೆ ಎಸ್ಕೇಪ್ ಒತ್ತಿ.

ಡಿಟಿಪಿ ಮಾಡುವವರು: ಎರಡು ಪುಟದ ಸರ್ಕ್ಯುಲರಿಗೆ ನಡೀತದ ಸರ್. ಪುಸ್ತಕಕ್ಕ ಬಳಕೋತ ಕುಂತ್ರ, 20 ಅಂದಾಗ ಮತ್ತ ಬಳೀಬೇಕು.

ಪ್ರೆಸ್ಸಿನವರು, ಗದಗ: ಮೊದಲು ನುಡಿ ಫೈಲುಗಳ ಕಡೆ ನೋಡ್ರಿ. ಹಳೆ ನುಡಿ ಫಾಂಟಿನ್ಯಾಗ ಕಣ್ಣಿಗೆ ಕಾಣೋದು ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆ. ನೀವು ಸ್ಟೈಲ್ ಹಾಕಿ ಫಾಂಟ್ ಬದಲಾದ ಕೂಡಲೇ ಲೇಖನ ಗಿಜಿಬಿಜಿ ಆಗ್ತದ. ಕನ್ವರ್ಟರಿನಿಂದ ಯೂನಿಕೋಡ್ (ಒಳಗೂ ಕನ್ನಡ ಅಕ್ಷರನ ಇರೋ ಪದ್ಧತಿ) ಮಾಡಿಕೊಂಡs ಮುಂದ ಹೋಗ್ರಿ. ಆಮ್ಯಾಲ ಲೇಖಕರ ಇಮೇಲ್, ಇಂಗ್ಲಿಷಿನಲ್ಲಿ ಬರೆದ ಡಿಗ್ರಿ, ಊರ ಪಿನ್ ಕೋಡ್ ಮೂಲದ ಜೋಡಿ ಇಟ್ಟು ನೋಡ್ರಿ. ಕನ್ವರ್ಟರು ಇಂಗ್ಲಿಷ್ ಅಕ್ಷರನ್ನೂ ನುಡಿ ಅಂತ ತಿಳದು ಏನೇನೋ ಕನ್ನಡ ಮಾಡಿರ್ತದ. ಮಂದಿ ಲೇಖನ ಓದಂಗಿಲ್ಲ, ತಮ್ಮ ಹೆಸರಿನ ಮುಂದಿನ ಡಿಗ್ರಿ ಮಾತ್ರ ಓದ್ತಾರ!

ಶಿಕ್ಷಕಿ: ಹೆಡಿಂಗ್ 1ಕ್ಕ 20 ಕೊಟ್ಟೆ. ಇಂಗ್ಲಿಷ್ ಅಕ್ಷರ ದೊಡ್ಡದಾದ್ವು, ಕನ್ನಡ ಇದ್ದಲ್ಲೇ ಅದ. ಯಾಕ್ರಿ?

ಸಾಫ್ಟ್‌ವೇರ್ ಕೆಲಸದವರು, ಹುಬ್ಬಳ್ಳಿ: ವರ್ಡ್ ಕನ್ನಡವನ್ನು ಹಿಂದಿ, ಅರಬ್ಬಿಯ ಜೊತೆ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿಗೆ ಸೇರಿಸಿಟ್ಟಿದೆ. ಮಾಡಿಫೈ ಪೆಟ್ಟಿಗೆಯ ಕೆಳಗೆ ಫಾರ್ಮ್ಯಾಟ್, ಅದರೊಳಗೆ ಫಾಂಟ್ ತೆರೆಯಿರಿ. ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಅನ್ನೋ ಸಾಲಿಗೆ ಬೇರೆಯೇ ಫಾಂಟು, ಬೋಲ್ಡು, ಸೈಜು ಇರುತ್ತೆ. ಅಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಹಾಕಿ 20 ಕೊಡಿ. ಲೇಖನದ ಒಳಪಠ್ಯಕ್ಕಿರುವ ನಾರ್ಮಲ್ ಸ್ಟೈಲಿಗೂ ಹೀಗೇ ಕನ್ನಡದ ಫಾಂಟು, ಬೇಕಾದ ಸೈಜು ಕೊಡಿ. ಅಲ್ಲೊಂದು ಇಲ್ಲೊಂದು ಪದ ಮೊಂಡಾಟ ಮಾಡಿದರೆ ಸೆಲೆಕ್ಟ್ ಮಾಡಿ ಕಂಟ್ರೋಲ್ ಸ್ಪೇಸ್ ಒತ್ತಿ, ಕೈಯಿಂದ ಹಾಕಿದ್ದು ಹೋಗಿ ಸ್ಟೈಲಿಗೆ ಬರುತ್ತೆ. ವರ್ಡ್ ಬದಲು ಲಿಬ್ರೆ ಆಫೀಸ್ ಇದ್ದವರಿಗೆ ಎಫ್11ರಲ್ಲಿ ಸ್ಟೈಲ್ಸ್, ಕಂಟ್ರೋಲ್ ಎಂ ಒತ್ತಿದರೆ ಸ್ವಚ್ಛ. ಅಲ್ಲಿ ಕನ್ನಡದ ಸಾಲಿಗೆ ಸಿಟಿಎಲ್ ಅಂತಾರೆ.

ಶಿಕ್ಷಕಿ: ಆತ್ರೀ ಸರ್! ಕನ್ನಡ 20 ಆತು. ಪ್ರೆಸ್ಸಿಗೆ ವರ್ಡ್ ಫೈಲ್ ಕೊಟ್ರ ನಡೀತದೇನು?

ಪ್ರೆಸ್ಸಿನವರು: ಪಿಡಿಎಫ್ ಮಾಡಿ ಕೊಡ್ರಿ. ನಿಮ್ಮ ಫಾಂಟು ಅಲ್ಲಿಯ ಕಂಪ್ಯೂಟರಿನ್ಯಾಗ ಇರಲಿಲ್ಲಂದ್ರ ಬ್ಯಾರೆ ಫಾಂಟು ಕೂತು ಸಾಲು ಜಾರ್ತಾವ, ಪರಿವಿಡಿ ಪುಟ ತಪ್ತಾವ. ಪಿಡಿಎಫ್ ಮಾಡೋಕಿಂತ ಮೊದಲು ಪರಿವಿಡಿ ಮ್ಯಾಲ ಕ್ಲಿಕ್ ಮಾಡಿ ಎಫ್9 ಒತ್ತೋದು ಮರೀಬ್ಯಾಡ್ರಿ.