ಅರ್ಧ ಇಂಚಿನ ಏರ್ ಗನ್‌ಗೆ ವೀಲ್ ನಟ್ ಜಗ್ಗುತ್ತಿಲ್ಲ, ಗನ್ ನೀರು ಉಗುಳುತ್ತಿದೆ

ಶರಾವತಿ ದಂಡೆ

ಹೊನ್ನಾವರದ ಹತ್ತಿರ ಹೆದ್ದಾರಿ ಬದಿಯ ಸಣ್ಣ ಗ್ಯಾರೇಜು. ಕಾರು, ಪಿಕಪ್, ಆಗೀಗ ಮೀನಿನ ಲಾರಿ ಬರುತ್ತವೆ. ಕಂಪ್ರೆಸರ್ 2 ಎಚ್‌ಪಿ ಸಿಂಗಲ್ ಫೇಸ್, ಟ್ಯಾಂಕ್ 100 ಲೀಟರ್, 8 ಬಾರ್‌ಗೆ ತಾನೇ ನಿಲ್ಲುತ್ತದೆ (ಬಾರ್ ಎಂದರೆ ಗಾಳಿಯ ಪ್ರೆಶರ್ ಅಳತೆ). ಗನ್ ಎಂದರೆ ಗಾಳಿಯ ಬಲದಲ್ಲಿ ಪೆಟ್ಟು ಕೊಟ್ಟು ನಟ್ ತಿರುಗಿಸುವ ಇಂಪ್ಯಾಕ್ಟ್ ಗನ್, ಸಾಕೆಟ್ ಕೂರುವ ಚೌಕ ಅರ್ಧ ಇಂಚಿನದು, ಡಬ್ಬಿಯ ಮೇಲೆ 800 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಎಂದು ಬರೆದಿದೆ. ಪೈಪು ಸುರುಳಿಯಂಥ ನೀಲಿ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್), 8 ಎಂಎಂ, 10 ಮೀಟರ್ ಉದ್ದ.

ತೊಂದರೆ ಎರಡು. ಪಿಕಪ್‌ನ ತುಕ್ಕು ಹಿಡಿದ ನಟ್ ಬಿಚ್ಚಲು ಗನ್ ಟರ್ ಟರ್ ಎನ್ನುತ್ತದೆ, ನಟ್ ಅಲ್ಲಾಡುವುದಿಲ್ಲ. ಕೈಯಿಂದ ತಿರುಗಿಸುವ ಟಾಮಿ ಸರಳಿಗೆ ಪೈಪು ಸಿಕ್ಕಿಸಿ ಒತ್ತಿದರೆ ಅದೇ ನಟ್ ಬಿಡುತ್ತದೆ. ಇನ್ನೊಂದು, ಮಳೆ ಶುರುವಾದ ಮೇಲೆ ಗನ್ನಿನ ಗಾಳಿ ಹೋಗುವ ತೂತಿನಿಂದ ನೀರಿನ ಹನಿ ಹಾರುತ್ತಿದೆ.

ಶೆಡ್ಡಿನ ಉದ್ದಕ್ಕೂ ಗಾಳಿಯ ಲೈನ್ ಹಾಕುವ ಯೋಚನೆಯೂ ಇದೆ. ತೋಟದ ಸ್ಪ್ರಿಂಕ್ಲರ್‌ಗೆ ತಂದ ಪಿವಿಸಿ ಪೈಪು ಉಳಿದಿದೆ, 10 ಕೆಜಿ ಪ್ರೆಶರ್‌ನದು. ಅದನ್ನೇ ಹಾಕಬಹುದೇ? ಗನ್ ಬಳಕೆಯಲ್ಲಿ ಸುರಕ್ಷತೆಗೆ ಏನೇನು ನೋಡಬೇಕು ಎಂಬುದನ್ನೂ ತಿಳಿದವರು ಹೇಳಿ.

ಗೋಕರ್ಣ ರಸ್ತೆ

ಪ್ರೆಶರ್ ಹೊಂದಿಸುವ ರೆಗ್ಯುಲೇಟರ್ ಪೂರ್ತಿ ತಿರುಗಿಸಿ 8 ಬಾರ್ ಕೊಟ್ಟು ನೋಡಿ. ಬಿಚ್ಚುತ್ತದೆ.

ಅಂಕೋಲಾ ಟಯರ್

ಬೇಡ ಮಾರಾಯ್ರೆ. ಅರ್ಧ ಇಂಚಿನ ಗನ್‌ಗಳು ಹೆಚ್ಚುಕಡಿಮೆ ಎಲ್ಲವೂ 90 ಪಿಎಸ್‌ಐಗೆ, ಅಂದರೆ 6.2 ಬಾರ್‌ಗೆ ಮಾಡಿದವು. ಅದಕ್ಕಿಂತ ಹೆಚ್ಚು ಕೊಟ್ಟರೆ ಒಳಗಿನ ಹ್ಯಾಮರ್ ಮತ್ತು ಸಾಕೆಟ್ ಕೂರುವ ಚೌಕದ ಮೊಳೆ ಸವೆಯುತ್ತವೆ, ಒಂದು ದಿನ ಮುರಿಯುತ್ತವೆ. ಅಲ್ಲದೆ ಇಲ್ಲಿ ಕೊರತೆ ಇರುವುದು ಪ್ರೆಶರ್‌ದಲ್ಲ, ಗಾಳಿಯ ಹರಿವಿನದು.

ಆ ನೀಲಿ ಪೈಪಿನ ತುದಿ ಕತ್ತರಿಸಿ ಅಳೆದು ನೋಡಿ. 8 ಎಂಎಂ ಎನ್ನುವುದು ಹೊರಗಿನ ಅಳತೆ, ಒಳಗಿನ ತೂತು 5 ಎಂಎಂ ಮಾತ್ರ. ಅದು ಧೂಳು ಊದುವ ಗನ್‌ಗೆ ಸಾಕು. ಅರ್ಧ ಇಂಚಿನ ನಟ್ ಗನ್‌ಗೆ ಒಳಗಿನ ತೂತು ಕಡಿಮೆಯೆಂದರೂ 10 ಎಂಎಂ, ಅಂದರೆ ಮೂರೆಂಟಾಂಶ ಇಂಚು ಬೇಕು. ವ್ಯಾಸ ದುಪ್ಪಟ್ಟಾದರೆ ತೂತಿನ ವಿಸ್ತೀರ್ಣ ನಾಲ್ಕು ಪಟ್ಟು. ಹೋಸ್ ಜೋಡಿಸುವ ಕಪ್ಲರ್ ಕೂಡ ನೋಡಿ: ಸಣ್ಣ ತೂತಿನ ಕಾಲಿಂಚಿನ ಕಪ್ಲರ್ ಎರಡು ಮೂರು ಕಡೆ ಸೇರಿಸಿದ್ದರೆ ದಪ್ಪ ಹೋಸ್ ಹಾಕಿದ್ದೂ ದಂಡ.

ರೆಗ್ಯುಲೇಟರ್ ಮುಳ್ಳು ಟ್ರಿಗರ್ ಬಿಟ್ಟಾಗ ಎಲ್ಲಿದೆ ಎಂಬುದು ಮುಖ್ಯವಲ್ಲ. ಗನ್ನಿನ ಬುಡಕ್ಕೆ ಒಂದು ಟಿ ಹಾಕಿ ಸಣ್ಣ ಗೇಜ್ ಕೂರಿಸಿ, ಗನ್ ಓಡುತ್ತಿರುವಾಗ ಎಷ್ಟು ತೋರಿಸುತ್ತದೆ ನೋಡಿ. ಆಗ 6.2 ಬರುವ ಹಾಗೆ ರೆಗ್ಯುಲೇಟರ್ ಹೊಂದಿಸಬೇಕು.

ಇನ್ನು ಕಂಪ್ರೆಸರ್ ಲೆಕ್ಕ. ಗನ್ನಿನ ಡಬ್ಬಿಯ ಮೇಲೆ ಗಾಳಿಯ ಬಳಕೆ (ಸಿಎಫ್‌ಎಂ, ನಿಮಿಷಕ್ಕೆ ಎಷ್ಟು ಘನ ಅಡಿ) 4 ಅಥವಾ 5 ಸಿಎಫ್‌ಎಂ ಎಂದಿರುತ್ತದೆ, ಅದು ಬಿಟ್ಟು ಬಿಟ್ಟು ಒತ್ತುವ ಸರಾಸರಿ. ಟ್ರಿಗರ್ ಒತ್ತಿಯೇ ಹಿಡಿದರೆ 20 ಸಿಎಫ್‌ಎಂ ಸುತ್ತಮುತ್ತ, ನಿಮಿಷಕ್ಕೆ ಸುಮಾರು 570 ಲೀಟರ್. 2 ಎಚ್‌ಪಿ ನಿಜವಾಗಿ ಕೊಡುವ ಗಾಳಿ 6 ಸಿಎಫ್‌ಎಂ, ಅಂದರೆ 170 ಲೀಟರ್ ಇದ್ದೀತು. 100 ಲೀಟರ್ ಟ್ಯಾಂಕ್ 8ರಿಂದ 6.3 ಬಾರ್‌ಗೆ ಇಳಿಯುವಷ್ಟರಲ್ಲಿ ಸಿಗುವುದೂ 170 ಲೀಟರೇ. ಅಂದರೆ 18 ಸೆಕೆಂಡ್ ಪೂರ್ತಿ ಬಲ. ನಟ್‌ಗೆ 3 ಸೆಕೆಂಡ್ ಹಿಡಿದರೆ 5 ನಟ್ಟಿನ ಒಂದು ಚಕ್ರ ಆರಾಮವಾಗಿ ಬಿಚ್ಚಬಹುದು. ಆಮೇಲೆ ಒಂದು ನಿಮಿಷ ಕಾಯಿರಿ, ಟ್ಯಾಂಕ್ ತುಂಬುತ್ತದೆ. ಕಾರು, ಪಿಕಪ್‌ಗೆ ನಿಮ್ಮ ಕಂಪ್ರೆಸರ್ ಸಾಕು, ಹೊಸದು ಬೇಡ. ಕಂಪ್ರೆಸರ್ ನಿಲ್ಲಿಸುವ ಪ್ರೆಶರ್ ಸ್ವಿಚ್ಚಿನ ಸ್ಕ್ರೂ ಮಾತ್ರ ಮುಟ್ಟಬೇಡಿ.

ದೂರದ ಕೆಲಸಕ್ಕೆ ಕಂಪ್ರೆಸರ್‌ಗೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಎಳೆಯುವವರಿದ್ದಾರೆ. ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟರ್ ಗುಂಯ್ ಎನ್ನುತ್ತ ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ. ವೈರ್ ಉದ್ದ ಮಾಡುವ ಬದಲು ಹೋಸ್ ಉದ್ದ ಮಾಡಿ. 2 ಎಚ್‌ಪಿಗೆ 2.5 ಚದರ ಎಂಎಂ ತಾಮ್ರದ ವೈರ್, 16 ಆಂಪಿಯರ್ ಪ್ಲಗ್, ಸರಿಯಾದ ಅರ್ಥಿಂಗ್. ಒದ್ದೆ ನೆಲದ ಶೆಡ್ಡಿನಲ್ಲಿ ಅರ್ಥಿಂಗ್ ವಿಷಯದಲ್ಲಿ ಉಳಿತಾಯ ಬೇಡ.

ಸಿರ್ಸಿ ಭಾವ

ಪಿವಿಸಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಹಾಕಲೇಬೇಡಿ. ಪೈಪಿನ ಮೇಲೆ ಬರೆದ 10 ಕೆಜಿ ನೀರಿನ ಲೆಕ್ಕ. ನೀರು ಕುಗ್ಗುವುದಿಲ್ಲ, ಪೈಪು ಸೀಳಿದರೆ ಚಿಮ್ಮಿ ಪ್ರೆಶರ್ ಅಲ್ಲಿಗೇ ಮುಗಿಯುತ್ತದೆ. ಗಾಳಿ ಕುಗ್ಗಿ ಕೂತಿರುತ್ತದೆ, ಬಿರುಕು ಬಿಟ್ಟ ಕ್ಷಣ ಪೂರ್ತಿ ಹಿಗ್ಗುತ್ತದೆ. ಪಿವಿಸಿ ಗಾಜಿನಂತೆ ಒಡೆದು ಚೂಪು ಚೂರುಗಳು ಹಾರುತ್ತವೆ. ಕಂಪ್ರೆಸರ್‌ನಿಂದ ಬರುವ ಬಿಸಿ ಮತ್ತು ಎಣ್ಣೆ, ಮೇಲಿನಿಂದ ಬಿಸಿಲು, ಮೂರೂ ಸೇರಿ ಅದನ್ನು ವರ್ಷದಿಂದ ವರ್ಷಕ್ಕೆ ಪೆಡಸು ಮಾಡುತ್ತವೆ. ಆ ಪೈಪು ತೋಟಕ್ಕೇ ಇರಲಿ.

ಲೈನಿಗೆ ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಇಲ್ಲವೇ ಗಾಳಿಗೆಂದೇ ಬರುವ ಅಲ್ಯೂಮಿನಿಯಂ ಪೈಪು ಹಾಕಿ. 10 ಮೀಟರಿಗೆ 10 ಸೆಂಟಿಮೀಟರ್ ಇಳಿಜಾರು, ಕಂಪ್ರೆಸರ್‌ನಿಂದ ದೂರ ಹೋಗುವ ಕಡೆಗೆ. ಹೋಸ್‌ಗೆ ಕವಲು ತೆಗೆಯುವಾಗ ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆದು, ಬಗ್ಗಿಸಿ ಕೆಳಗಿಳಿಸಬೇಕು. ತಳದಲ್ಲಿ ಹರಿಯುವ ನೀರು ಆಗ ಕವಲಿಗೆ ಬರುವುದಿಲ್ಲ. ಕವಲಿನ ಕೊನೆಯಲ್ಲಿ ಒಂದಡಿ ಕೆಳಕ್ಕೆ ಬಿಟ್ಟು ಬಾಲ್ ವಾಲ್ವ್ ಹಾಕಿ, ಅದು ನೀರು ಬಿಡಲು. ಕಂಪ್ರೆಸರ್ ಮತ್ತು ಜಿಐ ಪೈಪಿನ ನಡುವೆ ಅರ್ಧ ಮೀಟರ್ ರಬ್ಬರ್ ಹೋಸ್ ಇರಲಿ, ಇಲ್ಲದಿದ್ದರೆ ನಡುಕಕ್ಕೆ ಜಾಯಿಂಟ್ ಸಡಿಲವಾಗುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂದರೆ ಗಾಳಿಯಿಂದಲೇ. ಮಳೆಗಾಲದ ಕರಾವಳಿಯಲ್ಲಿ 27 ಡಿಗ್ರಿ, ತೇವಾಂಶ ಶೇ. 90 ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ. 8 ಬಾರ್‌ಗೆ ಒತ್ತಿ ತಣ್ಣಗಾದ ಮೇಲೆ ಅದರಲ್ಲಿ 3 ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲದು, ಉಳಿದ 20 ಗ್ರಾಂ ನೀರಾಗುತ್ತದೆ. ನಿಮ್ಮ ಕಂಪ್ರೆಸರ್ ತಾಸಿಗೆ 10 ಘನ ಮೀಟರ್ ಎಳೆಯುತ್ತದೆ. ಐದು ತಾಸು ಓಡಿದರೆ ಒಂದು ಲೀಟರ್ ನೀರು! ಟ್ಯಾಂಕಿನ ಬುಡದ ಕಾಕ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನವೂ.

ಫಿಲ್ಟರನ್ನು ಕಂಪ್ರೆಸರ್‌ಗೆ ಅಂಟಿಸಿದಂತೆ ಹಾಕಬೇಡಿ. ಅಲ್ಲಿ ಗಾಳಿ ಬಿಸಿ, ನೀರು ಇನ್ನೂ ಆವಿ. ಫಿಲ್ಟರ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಆರೇಳು ಮೀಟರ್ ಪೈಪಿನಲ್ಲಿ ತಣ್ಣಗಾಗಿ ಬಂದ ಮೇಲೆ ಫಿಲ್ಟರ್, ಅದರ ನಂತರ ರೆಗ್ಯುಲೇಟರ್.

ಶರಾವತಿ ದಂಡೆ

ಟಿ ಹಾಕಿ ಅಳೆದೆ. ಟ್ರಿಗರ್ ಬಿಟ್ಟಾಗ 6.5, ಒತ್ತಿದಾಗ 3.4 ಬಾರ್! ಪೈಪಿನ ಒಳತೂತು 5 ಎಂಎಂ, ಹೇಳಿದ ಹಾಗೆಯೇ. ಟ್ಯಾಂಕಿನಿಂದ ನೀರು ಮುಕ್ಕಾಲು ಬಾಟಲಿ ಬಂತು. ಪಿವಿಸಿ ಕೈಬಿಟ್ಟೆ. ಗನ್‌ಗೆ ಎಣ್ಣೆ ಎಂಜಿನ್ ಆಯಿಲ್ ಬಿಡುತ್ತಿದ್ದೆ, ಅದು ಸರಿಯೇ? ಸಾಕೆಟ್ ಹಳೆ ಬಾಕ್ಸ್ ಸೆಟ್‌ನದೇ ಬಳಸುತ್ತಿದ್ದೇನೆ.

ಬೈತಖೋಲ ಫಿಟ್ಟರ್

ಎರಡೂ ಸರಿಯಲ್ಲ.

ಎಂಜಿನ್ ಆಯಿಲ್ ದಪ್ಪ. ಗನ್ನಿನ ಒಳಗೆ ರೋಟರ್, ಅದರ ಸೀಳುಗಳಲ್ಲಿ ತೆಳು ಪಟ್ಟಿಗಳಂಥ ವೇನ್‌ಗಳಿರುತ್ತವೆ. ತಿರುಗುವಾಗ ಅವು ಹೊರಕ್ಕೆ ಜಾರಿ ಗೋಡೆಗೆ ತಾಗಬೇಕು. ಎಂಜಿನ್ ಆಯಿಲ್ ನೀರಿನ ಜೊತೆ ಸೇರಿ ಜಿಗುಟಾದರೆ ವೇನ್ ಸೀಳಿನಲ್ಲೇ ಅಂಟುತ್ತದೆ, ಗಾಳಿ ಪಕ್ಕದಿಂದ ಸೋರಿ ಹೋಗುತ್ತದೆ. ಏರ್ ಟೂಲ್ ಆಯಿಲ್ ಎಂದು ಕೇಳಿ ತನ್ನಿ, ವಿಜಿ 32 ಅಥವಾ ಅದಕ್ಕಿಂತ ತೆಳು (ವಿಜಿ ಎಂದರೆ ಎಣ್ಣೆ ಎಷ್ಟು ದಪ್ಪ ಎಂಬ ಅಂಕಿ). ಕಂಪ್ರೆಸರ್‌ಗೆ ಹಾಕುವ ವಿಜಿ 100 ಬೇರೆ, ಅದಲುಬದಲು ಮಾಡಬೇಡಿ. ಕೆಲಸಕ್ಕೆ ಮುಂಚೆ ಗಾಳಿ ಬರುವ ತೂತಿಗೆ 4-5 ಹನಿ, ಸಂಜೆ ತೆಗೆದಿಡುವಾಗ ಮತ್ತೆ 4-5 ಹನಿ ಬಿಟ್ಟು ಎರಡು ಸೆಕೆಂಡ್ ಓಡಿಸಿ. ಇಲ್ಲಿಯ ಉಪ್ಪುಗಾಳಿಗೆ ಸಂಜೆಯ ಹನಿಯೇ ಹೆಚ್ಚು ಮುಖ್ಯ, ತುಕ್ಕು ಹತ್ತುವುದು ರಾತ್ರಿ. ಲೈನಿನಲ್ಲಿ ತಾನೇ ಎಣ್ಣೆ ಬಿಡುವ ಲೂಬ್ರಿಕೇಟರ್ ಕೂರಿಸುವುದಾದರೆ ಗನ್ನಿನ ಕವಲಿಗೆ ಮಾತ್ರ. ಅದೇ ಕವಲಿನಿಂದ ಪೇಂಟ್ ಹೊಡೆದರೆ ಬಣ್ಣದಲ್ಲಿ ಎಣ್ಣೆಯಿಂದ ಕಣ್ಣಿನಂಥ ಗುಳಿ ಬೀಳುತ್ತದೆ.

ಈಗ ಅಂಟಿರುವ ಗನ್‌ಗೆ ಒಂದು ಚಮಚ ಅದೇ ತೆಳು ಎಣ್ಣೆ ಹಾಕಿ, ಗಾಳಿ ಹೋಗುವ ತೂತಿಗೆ ಬಟ್ಟೆ ಸುತ್ತಿ, 3 ಬಾರ್‌ನಲ್ಲಿ ಎರಡೂ ದಿಕ್ಕಿಗೆ ಹತ್ತು ಹತ್ತು ಸೆಕೆಂಡ್ ಓಡಿಸಿ. ಕಪ್ಪು ನೀರು ಬರುತ್ತದೆ. ಪೆಟ್ರೋಲ್ ಹಾಕಿ ತೊಳೆಯುವ ಕೆಲಸ ಬೇಡ.

ಸಾಕೆಟ್ ವಿಷಯ ಇನ್ನೂ ಗಂಭೀರ. ಬಾಕ್ಸ್ ಸೆಟ್‌ನ ಹೊಳೆಯುವ ಕ್ರೋಮ್ ಸಾಕೆಟ್ ಗಡಸು, ಗೋಡೆ ತೆಳು. ಕೈ ಬಲಕ್ಕೆ ಸರಿ, ಹ್ಯಾಮರ್ ಪೆಟ್ಟಿಗೆ ಸಿಡಿಯುತ್ತದೆ. ಚೂರು ಹೋಗುವುದು ಕಣ್ಣಿಗೆ. ಕಪ್ಪು ಬಣ್ಣದ, ದಪ್ಪ ಗೋಡೆಯ, ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ತನ್ನಿ. 17, 19, 21 ಇದ್ದರೆ ಕಾರು, ಪಿಕಪ್ ಮುಗಿಯಿತು. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಮೂಲೆ ಉರುಟು ಮಾಡುತ್ತದೆ. ಎಕ್ಸ್‌ಟೆನ್ಶನ್ ರಾಡ್ ಮತ್ತು ತಿರುಗುವ ಜಾಯಿಂಟ್ ಹಾಕಿದಷ್ಟೂ ಪೆಟ್ಟಿನ ಬಲ ಸೋರುತ್ತದೆ, ಅದಕ್ಕೆ ಉದ್ದ ಸಾಕೆಟ್ಟೇ ಒಳ್ಳೆಯದು.

ಗನ್ನಿನ ಬುಡಕ್ಕೆ ನೇರವಾಗಿ ಕ್ವಿಕ್ ಕಪ್ಲರ್ ಹಾಕಬೇಡಿ, ನಡುಕಕ್ಕೆ ಅದು ಬೇಗ ಸವೆದು ಬಿಡುತ್ತದೆ. ಒಂದೆರಡು ಅಡಿಯ ಮೆತ್ತನೆ ಹೋಸ್ ತುಂಡು ಗನ್‌ಗೆ, ಆಮೇಲೆ ಕಪ್ಲರ್. ಪ್ರೆಶರ್ ಇರುವಾಗ ಬಿಟ್ಟುಕೊಂಡ ಹೋಸ್ ಹಾವಿನಂತೆ ಹೊಡೆಯುತ್ತದೆ, ಹಿಡಿಯಲು ಹೋಗದೆ ಮೊದಲು ವಾಲ್ವ್ ಮುಚ್ಚಿ. ಸಾಕೆಟ್ ಬದಲಿಸುವ ಮುಂಚೆ ಗಾಳಿ ಕಳಚಿ ಟ್ರಿಗರ್ ಒಮ್ಮೆ ಒತ್ತಿ, ಉಳಿದದ್ದು ಹೋಗಲಿ. ಮೈಮೇಲಿನ ಧೂಳಿಗೆ ಏರ್ ಹೊಡೆದುಕೊಳ್ಳುವ ಚಾಳಿ ಎಲ್ಲ ಗ್ಯಾರೇಜಿನಲ್ಲೂ ಇದೆ. ಗಾಯವಿದ್ದಲ್ಲಿ ಚರ್ಮದೊಳಗೆ ಗಾಳಿ ನುಗ್ಗಿದರೆ ಆಸ್ಪತ್ರೆಯೇ. ಕನ್ನಡಕ, ಕಿವಿಗೆ ಮಫ್ ಬೇಕೇ ಬೇಕು, ಗನ್ನಿನ ಸದ್ದು 95 ಡೆಸಿಬಲ್ ದಾಟುತ್ತದೆ. ಹೆಗಲ ಟವೆಲು, ಸಡಿಲ ತೋಳು, ಲುಂಗಿ ಬೇಡ.

ಅಂಕೋಲಾ ಟಯರ್

ಬಿಚ್ಚುವ ಕ್ರಮ ಸೇರಿಸುತ್ತೇನೆ. ಗಾಡಿಗೆ ಜಾಕ್ ಮಾತ್ರ ಸಾಲದು, ಸ್ಟ್ಯಾಂಡ್ ಕೊಡಿ. ಸ್ಟಡ್‌ನ (ನಟ್ ಕೂರುವ ಬೋಲ್ಟಿನ) ಹೊರಗೆ ಕಾಣುವ ತ್ರೆಡ್ಡಿಗೆ ತಂತಿ ಬ್ರಶ್ ಹೊಡೆದು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಗನ್ ಐದು ಸೆಕೆಂಡ್ ಹೊಡೆದರೂ ನಟ್ ಬಿಡದಿದ್ದರೆ ನಿಲ್ಲಿಸಿ. ಒಮ್ಮೆ ಬಿಗಿ ದಿಕ್ಕಿಗೆ ಒಂದು ಕ್ಷಣ, ಮತ್ತೆ ಬಿಚ್ಚುವ ದಿಕ್ಕಿಗೆ, ಹೀಗೆ ಆಡಿಸಿ. ಸುಮ್ಮನೆ ಒತ್ತಿ ಹಿಡಿದರೆ ಸ್ಟಡ್ ಕಡಿದು ಬರುತ್ತದೆ.

ಬಿಗಿ ಮಾಡುವಾಗ ನಟ್ ಕೈಯಿಂದ ಮೂರು ಸುತ್ತು ಹತ್ತಬೇಕು, ಹತ್ತದಿದ್ದರೆ ತ್ರೆಡ್ ಓರೆ. ಎದುರು ಬದುರು ನಟ್ ಹಿಡಿದು ಗನ್ನಿನಿಂದ ಸಣ್ಣ ಬಲದಲ್ಲಿ ಕೂರಿಸಿ, ಗಾಡಿ ನೆಲಕ್ಕಿಳಿಸಿ, ಕೊನೆಯ ಬಿಗಿ ಬಲ ಅಳೆಯುವ ಟಾರ್ಕ್ ಪಾನಾದಿಂದಲೇ. ಕಾರಿನ ಎಂ12 (12 ಎಂಎಂ ದಪ್ಪದ ಸ್ಟಡ್ಡಿನ) ನಟ್‌ಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿದೆ. ಗನ್ನಿನ ಮೇಲಿರುವ 1, 2, 3 ಎಂಬ ತಿರುಗಣೆ ಟಾರ್ಕ್ ಅಳತೆಯಲ್ಲ. ಹಾಕುವಾಗ ತ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಅದೇ ಟಾರ್ಕ್‌ಗೆ ಸ್ಟಡ್ ಮೇಲೆ ಹೆಚ್ಚು ಎಳೆತ ಬೀಳುತ್ತದೆ, ಕಂಪನಿ ಹೇಳದಿದ್ದರೆ ಒಣಗಿಯೇ ಹಾಕಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಿಡಿದು ನೋಡಬೇಕು.

ಲಾರಿ ಬಂದರೆ ಬೇರೆ ಮಾತು. ಎಂ22 ನಟ್ 550 ನ್ಯೂಟನ್ ಮೀಟರ್ ದಾಟಿ ಬಿಗಿಯಾಗಿರುತ್ತದೆ, ತುಕ್ಕು ಸೇರಿದರೆ ಇನ್ನೂ ಹೆಚ್ಚು. ಅರ್ಧ ಇಂಚಿನ ಗನ್ ಕೆಲಸವಲ್ಲ. ಒಂದಿಂಚಿನ ಗನ್‌ಗೆ ನಿಮ್ಮ ಕಂಪ್ರೆಸರ್ ಗಾಳಿ ಸಾಲದು, ಕೈಯಿಂದ ತಿರುಗಿಸುವ ಗೇರ್ ಪಾನಾ ಇಟ್ಟುಕೊಳ್ಳಿ. ಕೆಲವು ಹಳೆ ಲಾರಿಗಳ ಎಡಬದಿ ಚಕ್ರಕ್ಕೆ ಎಡ ತ್ರೆಡ್ ಇರುತ್ತದೆ, ಸ್ಟಡ್ ತುದಿಯ ಗುರುತು ನೋಡದೆ ಹೊಡೆಯಬೇಡಿ. ಟಯರನ್ನು ಹಿಡಿದಿಡುವ ಬಿಡಿ ಉಕ್ಕಿನ ಉಂಗುರ, ಅಂದರೆ ಲಾಕ್ ರಿಂಗ್ ಇರುವ ರಿಮ್ ಆದರೆ, ನಟ್ ಸಡಿಲಿಸುವ ಮುಂಚೆಯೇ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು, ಜೋಡಿ ಚಕ್ರವಾದರೆ ಎರಡರದ್ದೂ. ಇದಕ್ಕೆ ವಿನಾಯಿತಿ ಇಲ್ಲ. ರಿಂಗ್ ಹಾರಿದರೆ ಎದುರಿಗಿದ್ದವರು ಬದುಕುವುದು ಕಷ್ಟ. ಅರಬೈಲ್ ಘಟ್ಟ ಇಳಿದು ಬಂದ ಲಾರಿಯ ಡ್ರಮ್ ಮುಟ್ಟಲಾಗದಷ್ಟು ಕಾದಿರುತ್ತದೆ. ತಣ್ಣಗಾಗುವ ತನಕ ಕಾದು ಟಾರ್ಕ್ ಕೊಡಿ.

ಬೈತಖೋಲ ಫಿಟ್ಟರ್

ಬೋಟಿನವರು ಸ್ಟೀಲ್ ಬೋಲ್ಟ್ ಬಿಚ್ಚಲು ಗನ್ ಕೇಳಿ ಬಂದರೆ ಕೊಡಬೇಡಿ. ಸ್ಟೇನ್‌ಲೆಸ್ ನಟ್ ಮತ್ತು ಬೋಲ್ಟ್ ವೇಗದಲ್ಲಿ ಉಜ್ಜಿದರೆ ಬಿಸಿಗೆ ಒಂದಕ್ಕೊಂದು ಕಚ್ಚಿ ಬೆಸುಗೆಯಾದಂತೆ ಕೂರುತ್ತವೆ. ಆಮೇಲೆ ಕತ್ತರಿಸಿ ತೆಗೆಯುವುದೊಂದೇ ದಾರಿ. ಅದಕ್ಕೆ ಕೈಪಾನಾ, ಆ್ಯಂಟಿ ಸೀಜ್ ಪೇಸ್ಟ್, ನಿಧಾನ.

ಶರಾವತಿ ದಂಡೆ

10 ಎಂಎಂ ರಬ್ಬರ್ ಹೋಸ್ ಹಾಕಿ, ದೊಡ್ಡ ತೂತಿನ ಕಪ್ಲರ್ ಬದಲಿಸಿದೆ. ಟ್ರಿಗರ್ ಒತ್ತಿದಾಗ ಈಗ 5.9. ಅದೇ ಪಿಕಪ್ಪಿನ ಇನ್ನೊಂದು ಬದಿಯ ನಟ್ ಎರಡು ಸೆಕೆಂಡಿನಲ್ಲಿ ಬಿಟ್ಟಿತು. ಒಂದೇ ಅನುಮಾನ ಉಳಿದಿದೆ: ಟ್ಯಾಂಕಿನಿಂದ ಬರುವ ನೀರು ಕೆಂಪಗಿದೆ.

ಸಿರ್ಸಿ ಭಾವ

ಬಿಳಿ ಹಾಲಿನಂತಿದ್ದರೆ ಎಣ್ಣೆ ಸೇರಿದ ನೀರು, ಚಿಂತೆಯಿಲ್ಲ. ಕೆಂಪು ಎಂದರೆ ಟ್ಯಾಂಕಿನ ತಳ ಒಳಗಿನಿಂದ ತುಕ್ಕು ತಿನ್ನುತ್ತಿದೆ. ಪೂರ್ತಿ ಗಾಳಿ ಬಿಟ್ಟು, ಡ್ರೈನ್ ಕಾಕ್ ಕಳಚಿ ತೂತಿನಿಂದ ಟಾರ್ಚ್ ಹಾಕಿ ನೋಡಿ. ಪದರ ಪದರ ಎದ್ದಿದ್ದರೆ ನೀರು ತುಂಬಿ ಪ್ರೆಶರ್ ಕೊಟ್ಟು ನೋಡುವ ಹೈಡ್ರೋ ಟೆಸ್ಟ್ ಮಾಡಿಸಿ, ಸಾಮಾನ್ಯವಾಗಿ ಕೆಲಸದ ಪ್ರೆಶರಿನ 1.5 ಪಟ್ಟು. ಅದು ಮುಗಿಯುವ ತನಕ ಕಂಪ್ರೆಸರ್ ಚಾಲೂ ಮಾಡಬೇಡಿ. ತಳದಲ್ಲಿ ಸೂಜಿ ತೂತು ಕಂಡರೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ: ತೂತು ಒಂದು ಕಡೆ ಕಂಡಿತೆಂದರೆ ಸುತ್ತಲಿನ ತಗಡೂ ತೆಳುವಾಗಿರುತ್ತದೆ. ಮೋಟರ್, ಪಂಪ್ ಉಳಿಸಿಕೊಂಡು ಟ್ಯಾಂಕ್ ಗುಜರಿಗೆ ಹಾಕಿ ಹೊಸದು ಕೂರಿಸಿ. ಸೇಫ್ಟಿ ವಾಲ್ವಿನ ಉಂಗುರವನ್ನು ವಾರಕ್ಕೊಮ್ಮೆ ಎಳೆಯಿರಿ. ಉಪ್ಪಿಗೆ ಅಂಟಿ ಗಾಳಿ ಬಿಡದಿದ್ದರೆ ಅದನ್ನೂ ಅಂದೇ ಬದಲಿಸಿ.